ಯೋಗಶಿಕ್ಷಕರ ವೃತ್ತಿ ಮತ್ತು ತೆರಿಗೆಯ ಲೆಕ್ಕ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಆರಂಭವಾದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಗೆ ಅರಸರ ಆಶ್ರಯವಿತ್ತು. ಅವರ ಶಿಷ್ಯ ಪಟ್ಟಾಭಿ ಜೋಯಿಸರನ್ನು ಅರಸಿ ವಿದೇಶೀಯರು ಬರತೊಡಗಿದ ಮೇಲೆ, ಗೋಕುಲಂ ಬಡಾವಣೆಯಲ್ಲಿ ಯೋಗಶಿಕ್ಷಣವು ಬಾಡಿಗೆ, ಸಹಾಯಕರ ವೇತನ, ಋತುಮಾನದ ಏರಿಳಿತಗಳುಳ್ಳ ಸ್ವತಂತ್ರ ವೃತ್ತಿಯಾಗಿ ಬೆಳೆಯಿತು.

'ಯೋಗಕ್ಕೆ ಜಿಎಸ್‌ಟಿ ಇಲ್ಲ' ಎಂಬ ಮಾತು ಈ ವೃತ್ತಿಯಲ್ಲಿ ಕೇಳಿಬರುವುದುಂಟು. ವಸ್ತುತಃ ಆ ವಿನಾಯಿತಿಯು ಆದಾಯ ತೆರಿಗೆ ಕಾಯ್ದೆಯನ್ವಯ ನೋಂದಾಯಿತವಾದ ಧರ್ಮಾರ್ಥ ಸಂಸ್ಥೆಗಳಿಗೆ ಮಾತ್ರ. ವೈದ್ಯರಾಗಿ ನೋಂದಾಯಿತರಾದವರು ನೀಡುವ ಯೋಗಚಿಕಿತ್ಸೆಗೆ ಆರೋಗ್ಯಸೇವೆಯ ವಿನಾಯಿತಿ ಪ್ರತ್ಯೇಕವಾಗಿದೆ. ಸ್ವಂತ ಶಾಲೆ ನಡೆಸುವ ಶಿಕ್ಷಕರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. ಶುಲ್ಕ ಡಾಲರಿನಲ್ಲಿ ಬಂದರೂ, ತರಗತಿ ಮೈಸೂರಿನಲ್ಲಿಯೇ ನಡೆದರೆ ಅದು ರಫ್ತು ಎನಿಸದು.

22 ಸೆಪ್ಟೆಂಬರ್ 2025ರಿಂದ ತೆರಿಗೆ ದರವು ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಇನ್‌ಪುಟ್ ತೆರಿಗೆ ಜಮೆಯ ಸೌಲಭ್ಯವಿಲ್ಲ. ತಿಂಗಳಿಗೆ 50,000 ರೂ. ಬಾಡಿಗೆಯ ವಾಣಿಜ್ಯ ಮಳಿಗೆಯಾದರೆ, ನೋಂದಾಯಿತ ಮಾಲೀಕರು ವಿಧಿಸುವ ಶೇ. 18 ತೆರಿಗೆ, ಅಂದರೆ ವರ್ಷಕ್ಕೆ 1,08,000 ರೂ., ಪೂರ್ಣವಾಗಿ ಶಿಕ್ಷಕರ ಖರ್ಚಾಗುತ್ತದೆ.

ಆದುದರಿಂದ ಶಿಕ್ಷಕರು ಒಬ್ಬೊಬ್ಬರಾಗಿ ನೋಟಿಸಿಗೆ ಉತ್ತರಿಸುವ ಬದಲು, ಸಂಘವಾಗಿ ಕೂಡಿ ಸಲಹೆ ಪಡೆದು, ಈ ಲೆಕ್ಕ ಹಾಕಿಯೇ ಶುಲ್ಕ ನಿಗದಿಪಡಿಸುವುದು ಹಿತಕರ.