ಓಟದ ಸೈಕಲು ಹಟ ಹಿಡಿದಾಗ

ಗೋಳಗುಮ್ಮಟದ ಊರೆಂದು ಲೋಕವೆಲ್ಲ ಬಲ್ಲ ವಿಜಯಪುರಕ್ಕೆ ಇನ್ನೊಂದು ಕೀರ್ತಿಯೂ ಉಂಟು. ಅದು ಸೈಕಲು ಪಟುಗಳ ತವರು. ಕರ್ನಾಟಕದ ಪರವಾಗಿ ಸ್ಪರ್ಧೆಗಿಳಿಯುವ ಸವಾರರಲ್ಲಿ ಅನೇಕರು ಈ ಜಿಲ್ಲೆಯವರು, ಇಲ್ಲವೆ ನೆರೆಯ ಬಾಗಲಕೋಟೆಯವರು. ಒಕ್ಕಲು ಮನೆತನಗಳ ಮಕ್ಕಳೂ ಅವರಲ್ಲಿದ್ದಾರೆ. ಓಟದ ಸೈಕಲಿನ ಬೆಲೆ ಲಕ್ಷ ರೂಪಾಯಿ ದಾಟುವುದು ಇಂದು ಅಪರೂಪವಲ್ಲ. ಅಂಥ ಸೈಕಲು ದಾರಿಯಲ್ಲಿ ಹಟ ಹಿಡಿದರೆ ಹಣದ ಚಿಂತೆಯೊಂದೇ ಅಲ್ಲ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬಿದ್ದವನ ಮೈ ಮೂಳೆಗಳ ಚಿಂತೆಯೂ ಇದೆ.

ಸೈಕಲು ಒಂದೆಡೆಗೆ ಎಳೆಯುತ್ತದೆ ಎಂದೊಡನೆ ಕೆಲವರು ಹುಡುಗನನ್ನು ಗದರಿಸುತ್ತಾರೆ, ಕೆಲವರು ಹೊಸ ಭಾಗಗಳನ್ನು ಕೊಳ್ಳಲು ಹೊರಡುತ್ತಾರೆ. ಎರಡೂ ಅವಸರವೇ. ಕಾಸು ಬೇಡದ ಪರೀಕ್ಷೆ ಮೊದಲು, ಖರ್ಚಿನ ಕೆಲಸ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ನೆನಪಿನಲ್ಲಿಟ್ಟರೆ ಬಹುಪಾಲು ದೋಷಗಳು ಮನೆಯಂಗಳದಲ್ಲಿಯೇ ಪತ್ತೆಯಾಗುವುವು.

ದೋಷ ದಾರಿಯದೋ, ಸೈಕಲಿನದೋ?

ನಗರದಿಂದ ತಿಕೋಟಾಕ್ಕಾಗಲಿ ಬಬಲೇಶ್ವರಕ್ಕಾಗಲಿ 20ರಿಂದ 25 ಕಿಲೋಮೀಟರು. ಬಯಲು ಸೀಮೆ, ಮುಂಗಾರಿನ ದಿನಗಳಲ್ಲಿ ಪಡುವಣ ಗಾಳಿಗೆ ತಡೆಯೇ ಇಲ್ಲ. ಅಡ್ಡಗಾಳಿಯು ಹೋಗುವಾಗ ಎಡಕ್ಕೆ ತಳ್ಳಿದರೆ ಬರುವಾಗ ಬಲಕ್ಕೆ ತಳ್ಳುತ್ತದೆ. ಎರಡು ಸಲವೂ ಎಡಕ್ಕೇ ಎಳೆದರೆ? ಆಗಲೂ ಸೈಕಲನ್ನು ದೂರಬೇಡಿ. ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ನಾವು ಸವಾರಿ ಮಾಡುವುದು ಆ ಎಡ ಅಂಚಿನಲ್ಲಿಯೇ ಅಲ್ಲವೆ? ಸಮತಟ್ಟಾದ ಮೈದಾನದಲ್ಲಿ ಓಡಿಸಿ ನೋಡಿ. ಅಲ್ಲಿಯೂ ಎಳೆದರೆ ದೋಷ ಸೈಕಲಿನದೇ.

ಗಾಲಿಯಿಂದ ಆರಂಭಿಸಿ

ಮೊದಲು ಗಾಳಿ. ಮುಂದಿನ ಟಯರು ಮೆತ್ತಗಿದ್ದರೆ ಹ್ಯಾಂಡಲು ಭಾರವೆನಿಸುತ್ತದೆ. ಹಿಂದಿನದು ಮೆತ್ತಗಿದ್ದರೆ ತಿರುವಿನಲ್ಲಿ ಸೈಕಲಿನ ಬಾಲ ತೂಗಾಡುತ್ತದೆ. ಅತಿಯಾಗಿ ತುಂಬಿದರೆ ಒರಟು ರಸ್ತೆಯಲ್ಲಿ ಗಾಲಿ ಪುಟಿದು ಹಿಡಿತ ತಪ್ಪುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾದ ಮಿತಿಯನ್ನು ಮೀರದಿರಿ.

ಅನಂತರ, ಸೈಕಲನ್ನು ನೆಲದ ಮೇಲೆ ನಿಲ್ಲಿಸಿಯೇ ಮುಂದಿನ ಗಾಲಿಯನ್ನು ಸಡಿಲಿಸಿ, ಮತ್ತೆ ನೇರವಾಗಿ ಕೂರಿಸಿ ಬಿಗಿಯಿರಿ. ಆದರೂ ಗಾಲಿ ಫೋರ್ಕಿನ ಒಂದು ಕಾಲಿಗೆ ಹತ್ತಿರವಾಗಿಯೇ ಇದೆಯೆ? ಗಾಲಿಯನ್ನು ತಿರುವುಮುರುವಾಗಿ ಹಾಕಿ ನೋಡಿ. ಈಗ ಅದು ಇನ್ನೊಂದು ಕಾಲಿಗೆ ಹತ್ತಿರವಾದರೆ ದೋಷ ಗಾಲಿಯಲ್ಲಿದೆ. ಕಡ್ಡಿಗಳನ್ನು ಬಿಗಿದು ಸರಿಪಡಿಸಿದರಾಯಿತು. ಮೊದಲಿದ್ದ ಕಾಲಿಗೇ ಹತ್ತಿರವಿದ್ದರೆ ಫೋರ್ಕು ಬಾಗಿದೆಯೆಂದು ತಿಳಿಯಿರಿ. ಬಿದ್ದು ಪೆಟ್ಟು ತಿಂದ ಕಾರ್ಬನ್ ಫೋರ್ಕನ್ನು ರಿಪೇರಿಯ ಭರವಸೆಯಿಂದ ಬಳಸುವುದು ಅಪಾಯ. ಅದು ಮುನ್ಸೂಚನೆಯಿಲ್ಲದೆ ಮುರಿಯಬಲ್ಲದು. ಈ ಒಂದು ಖರ್ಚಿಗೆ ಹಿಂಜರಿಯಬಾರದು.

ಹ್ಯಾಂಡಲಿನ ಬುಡ

ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲಿನ ಬುಡದಲ್ಲಿ ‘ಟಕ್’ ಎಂದರೆ ಬೇರಿಂಗು ಸಡಿಲ. ಮುಂಗಾಲಿಯನ್ನು ಮೇಲೆತ್ತಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿ. ನಟ್ಟನಡುವೆ ಸಿಕ್ಕಿಕೊಂಡಂತಾದರೆ ಬೇರಿಂಗು ಸವೆದು ಕುಳಿ ಬಿದ್ದಿದೆ. ಇದು ಸಣ್ಣ ದೋಷವಲ್ಲ. ಸೈಕಲು ವಾಲಿದ ಕಡೆಗೆ ಮುಂಗಾಲಿಯೂ ತಿರುಗಿದಾಗಲೇ ಅದು ಬೀಳದೆ ಉಳಿಯುವುದು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ವಿಶೇಷವಾದೊಂದು ಸೈಕಲನ್ನು ರಚಿಸಿ, ಗಾಲಿಗಳ ತಿರುಗುವಿಕೆಯ ನೆರವಿಲ್ಲದೆಯೂ ಅದು ತಾನಾಗಿಯೇ ಸಮತೋಲ ಕಾಯ್ದುಕೊಳ್ಳಬಲ್ಲದೆಂದು ತೋರಿಸಿದರು. ಅಲ್ಲಿಯೂ ವಾಲಿದ ಕಡೆಗೆ ತಿರುಗುವ ಗುಣವೇ ಅದನ್ನು ಕಾಪಾಡಿತು. ಬೇರಿಂಗು ಆ ತಿರುವನ್ನು ತಡೆದರೆ ಎಂಥ ನಿಪುಣನ ಸೈಕಲೂ ಹಾವಿನಂತೆ ಹರಿದಾಡುತ್ತದೆ.

ನಡುಕ ಹುಟ್ಟಿದಾಗ

ಇಳಿಜಾರಿನ ವೇಗದಲ್ಲಿ ಸೈಕಲು ಫಕ್ಕನೆ ಗಡಗಡ ನಡುಗುವುದುಂಟು. ಆಗ ಹ್ಯಾಂಡಲನ್ನು ಬಿಗಿಹಿಡಿಯುವುದು ಸಹಜ. ಆದರೆ ಅದರಿಂದ ನಡುಕ ಹೆಚ್ಚುವುದೇ ಸರಿ. ಕೈ ಸಡಿಲಿಸಿ, ಮೊಣಕಾಲನ್ನು ಚೌಕಟ್ಟಿನ ಮೇಲಿನ ಕೊಳವೆಗೆ ಒತ್ತಿ, ಸೀಟಿನಿಂದ ಭಾರವನ್ನು ತುಸು ಎತ್ತಿ, ಮೆಲ್ಲನೆ ವೇಗ ಇಳಿಸಬೇಕು. ಈ ಪಾಠವನ್ನು ಮಕ್ಕಳು ಓಟದ ದಿನದಂದಲ್ಲ, ಅಭ್ಯಾಸದ ದಿನಗಳಲ್ಲಿಯೇ ಕಲಿತಿರಬೇಕು.

ಯಾವ ದಿನ ಏನನ್ನು ಬದಲಿಸಿದೆವು, ಸೈಕಲು ಹೇಗೆ ಓಡಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಮೇಲು. ಮುಂದಿನ ಸಲ ಸೈಕಲು ಹಟ ಹಿಡಿದಾಗ, ಹುಡುಗನನ್ನು ಗದರಿಸುವ ಮೊದಲು ಆ ಪುಸ್ತಕವನ್ನು ತೆರೆಯಬಹುದು.