ಲೆಕ್ಕ ಕೇಳುವ ವೇಷಗಳು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ತಿಂಗಳ ಮೊದಲ ವಾರದಲ್ಲಿ ತಂದೆತಾಯಿಯರು ಕುಳಿತು, ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು, ಹಾಲಿಗೆ ಇಷ್ಟು, ಮಕ್ಕಳ ಪುಸ್ತಕಗಳಿಗೆ ಇಷ್ಟು ಎಂದು ಬರುವ ಹಣವನ್ನು ಹಂಚಿಕೊಳ್ಳುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಒಂದು ರಾಜ್ಯದ ಸರಕಾರವು ವರ್ಷಕ್ಕೊಮ್ಮೆ ಮಾಡುವ ಇಂಥದೇ ಲೆಕ್ಕಕ್ಕೆ ಆಯವ್ಯಯ ಪತ್ರ ಅಥವಾ ಮುಂಗಡಪತ್ರವೆಂದು ಹೆಸರು. ಪ್ರತಿಯೊಂದು ರಾಜ್ಯವೂ ಇದನ್ನು ತನ್ನ ವಿಧಾನಮಂಡಲದ ಮುಂದೆ ಇರಿಸಬೇಕೆಂದು ನಮ್ಮ ಸಂವಿಧಾನದ 202ನೆಯ ಅನುಚ್ಛೇದವು ವಿಧಿಸಿದೆ. ಮನೆಯ ಲೆಕ್ಕಕ್ಕೂ ರಾಜ್ಯದ ಲೆಕ್ಕಕ್ಕೂ ಒಂದು ದೊಡ್ಡ ಅಂತರವುಂಟು. ಮನೆಯ ಯಜಮಾನರನ್ನು ನಾವು ಆರಿಸಿಕೊಳ್ಳುವುದಿಲ್ಲ. ರಾಜ್ಯದ ಬೊಕ್ಕಸದ ಬೀಗದಕೈ ಹಿಡಿಯುವವರನ್ನು ಮಾತ್ರ ಪ್ರಜೆಗಳೇ ಐದು ವರ್ಷಕ್ಕೊಮ್ಮೆ ಆರಿಸುತ್ತಾರೆ. ಆದುದರಿಂದ ಬೀಗದಕೈಯನ್ನು ಒಪ್ಪಿಸುವ ಮೊದಲೇ, ‘ಎಲ್ಲಿಂದ ತರುವಿರಿ, ಎಲ್ಲಿ ವೆಚ್ಚಮಾಡುವಿರಿ?’ ಎಂದು ಉಮೇದುವಾರರನ್ನು ಕೇಳುವುದು ನ್ಯಾಯವಾಗಿಯೇ ಇದೆ.

ಕೇಳುವುದು ಸುಲಭ, ಉತ್ತರ ಪಡೆಯುವುದು ಕಷ್ಟ. ಹೊಸ ಆಸ್ಪತ್ರೆ, ಹೊಸ ರಸ್ತೆ, ಕಡಮೆ ತೆರಿಗೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ನುಡಿದು ಅಂಗೈಯಲ್ಲಿ ವೈಕುಂಠವನ್ನು ತೋರಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ವೆಚ್ಚವನ್ನು ಹೆಚ್ಚಿಸಿ ತೆರಿಗೆಯನ್ನು ತಗ್ಗಿಸಿದರೆ ನಡುವಣ ಕಂದರವನ್ನು ಯಾವುದರಿಂದ ತುಂಬುವುದೆಂದು ಕೇಳಿದೊಡನೆ ಅವರ ಮಾತು ತೆಳ್ಳಗಾಗುತ್ತದೆ. ಅಂಥವರನ್ನು ಬಾಯಿಬಿಡಿಸಲು ಜನರು ಕೈಕೊಂಡಿರುವ ಉಪಾಯಗಳಲ್ಲಿ ಕೆಲವು ನಗೆ ತರಿಸುವಂಥವು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗಲುವೇಷದವರು ಬಣ್ಣ ಬಳಿದು, ಸೋಗು ಹಾಕಿಕೊಂಡು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಷ್ಟೆ. ಅಮೇರಿಕೆಯ ಚುನಾವಣೆಗಳಲ್ಲಿಯೂ ಒಂದು ಬಗೆಯ ಹಗಲುವೇಷ ಬೆಳೆದುಬಂದಿದೆ. ಅದರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇವುಗಳಲ್ಲಿ ಹಳೆಯದು ಖಾಲಿ ಕುರ್ಚಿಯ ಉಪಾಯ. 1924ರಲ್ಲಿ ಬರ್ಟನ್ ವೀಲರ್ ಎಂಬವರು ಪ್ರೊಗ್ರೆಸಿವ್ ಪಕ್ಷದ ಪರವಾಗಿ ಉಪಾಧ್ಯಕ್ಷ ಪದವಿಗೆ ನಿಂತಿದ್ದರು. ಆಗಿನ ಅಧ್ಯಕ್ಷ ಕೂಲಿಜ್ ಮಿತಭಾಷಿಗಳೆಂದು ಹೆಸರಾದವರು. ಡೆ ಮೊಯಿನ್ ನಗರದ ಸಭೆಯಲ್ಲಿ ವೀಲರ್ ಒಂದು ಬರಿಯ ಕುರ್ಚಿಯನ್ನು ವೇದಿಕೆಯ ಮೇಲೆ ಹಾಕಿಸಿ, ಅಧ್ಯಕ್ಷರೇ ಅಲ್ಲಿ ಕುಳಿತಿರುವರೆಂದು ಭಾವಿಸಿ ಪ್ರಶ್ನೆಗಳನ್ನು ಕೇಳಿದರು; ಒಂದೊಂದು ಪ್ರಶ್ನೆಯಾದ ಮೇಲೂ ಉತ್ತರಕ್ಕಾಗಿ ಕಾಯುವವರಂತೆ ಸುಮ್ಮನೆ ನಿಂತರು. ಸಭಿಕರು ನಕ್ಕುನಕ್ಕು ಸಾಕಾದರು. ಕೂಲಿಜರೇನೋ ಆ ಚುನಾವಣೆಯಲ್ಲಿ ಸುಲಭವಾಗಿಯೇ ಗೆದ್ದರು. ಅದು ಬೇರೆ ಮಾತು.

ಕೋಳಿಯ ವೇಷ ಬಂದುದು ಬಹಳ ತಡವಾಗಿ. ಇಂಗ್ಲಿಷ್ ಆಡುಮಾತಿನಲ್ಲಿ ಕೋಳಿಯೆಂದರೆ ಹೇಡಿ. ನಮ್ಮ ‘ಪುಕ್ಕಲ’ ಎಂಬ ಮಾತನ್ನು ಕೇಳಿದಾಗ ಪುಕ್ಕವೇ ನೆನಪಾಗುವಂತೆ. 1992ರ ಸೆಪ್ಟೆಂಬರ್ 22ರಂದು ಮಿಶಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗಿನಲ್ಲಿ ಅಧ್ಯಕ್ಷ ಪದವಿಯ ಉಮೇದುವಾರರ ವಾದಸಭೆ ನಡೆಯಬೇಕಾಗಿದ್ದಿತು. ಏರ್ಪಾಟಿನ ಕ್ರಮವನ್ನು ಒಪ್ಪದೆ ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಬರಲಿಲ್ಲ. ಎದುರಾಳಿ ಕ್ಲಿಂಟನ್ ಬಂದು ಭಾಷಣ ಮಾಡಿದರು. ಜನರ ನಡುವೆ ಯಾರೋ ಕೋಳಿಯ ವೇಷ ಹಾಕಿಕೊಂಡು ನಿಂತರು. ಮುಂದಿನ ದಿನಗಳಲ್ಲಿ ಬುಷ್ ಹೋದಲ್ಲೆಲ್ಲ ಒಂದು ಕೋಳಿ! ಕೊನೆಗೆ ಅವರು ವೇದಿಕೆಯಿಂದಲೇ ಆ ಕೋಳಿಯನ್ನು ಉದ್ದೇಶಿಸಿ ವಾದಕ್ಕಿಳಿದುದೂ ಉಂಟು. ಕೋಳಿಯೊಡನೆ ವಾದಿಸುವ ಅಧ್ಯಕ್ಷರ ಚಿತ್ರ ಮನೆಮನೆಯ ದೂರದರ್ಶನದಲ್ಲಿ ಕಾಣಿಸಿತು. ಅಕ್ಟೋಬರಿನಲ್ಲಿ ಅವರು ಮೂರು ವಾದಸಭೆಗಳಿಗೆ ಬಂದರು. ಕೋಳಿಯೊಂದರಿಂದಲೇ ಇದಾಯಿತೆಂದು ಹೇಳಲಾಗದಿದ್ದರೂ, ಬಾರದಿರುವುದರ ಬೆಲೆಯನ್ನು ಅದು ಹೆಚ್ಚಿಸಿತೆಂಬುದು ನಿಜ.

ಇನ್ನು ಲೆಕ್ಕದ ವಿಷಯಕ್ಕೆ ಬರೋಣ. ಅಮೇರಿಕೆಯ ರಾಜ್ಯಗಳಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರ ಮತದಿಂದ ನೇರವಾಗಿ ಆರಿಸಿಬಂದು ಆಡಳಿತವನ್ನು ನಡೆಸುವವರು. ಅಲ್ಲಿ ವರ್ಮಾಂಟ್ ಒಂದನ್ನುಳಿದು ಮಿಕ್ಕ ರಾಜ್ಯಗಳೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಆಯಕ್ಕೆ ತಕ್ಕಂತೆ ವ್ಯಯವನ್ನು ಸರಿದೂಗಿಸಲೇಬೇಕೆಂಬ ಕಟ್ಟಳೆಗೆ ಒಳಪಟ್ಟಿವೆ. ಕೇಂದ್ರ ಸರಕಾರದಂತೆ ವರ್ಷದಿಂದ ವರ್ಷಕ್ಕೆ ಕೊರತೆಯನ್ನು ಹೊತ್ತು ಸಾಗುವ ಸೌಕರ್ಯ ಅವುಗಳಿಗಿಲ್ಲ. ಆದಕಾರಣ ಗವರ್ನರ್ ಪದವಿಗೆ ನಿಂತವರು ‘ಯಾವುದನ್ನು ಕಡಿಯುವಿರಿ, ಯಾವ ತೆರಿಗೆಯನ್ನು ಏರಿಸುವಿರಿ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸರಿಯಲ್ಲ. ಆದರೂ ತಪ್ಪಿಸಿಕೊಳ್ಳುತ್ತಾರೆ. ಹೇಗೆಂಬುದಕ್ಕೆ 2003ರ ಕ್ಯಾಲಿಫೋರ್ನಿಯಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆ ವರ್ಷ ಕ್ಯಾಲಿಫೋರ್ನಿಯದ ಬೊಕ್ಕಸದಲ್ಲಿ ಸುಮಾರು 3,800 ಕೋಟಿ ಡಾಲರುಗಳ ಕೊರತೆಯನ್ನು ಅಂದಾಜು ಮಾಡಲಾಗಿದ್ದಿತು. ಗವರ್ನರ್ ಗ್ರೇ ಡೇವಿಸರನ್ನು ಅವಧಿಗೆ ಮೊದಲೇ ಹಿಂದಕ್ಕೆ ಕರೆಸುವ ವಿಶೇಷ ಚುನಾವಣೆ ಅಕ್ಟೋಬರ್ 7ರಂದು ನಡೆಯಿತು. ಅವರ ಸ್ಥಾನಕ್ಕೆ ನಿಂತವರು 135 ಮಂದಿ. ಅವರಲ್ಲಿ ಎಲ್ಲರ ಕಣ್ಣು ಸೆಳೆದವರು ಚಲಚ್ಚಿತ್ರ ನಟ ಆರ್ನಾಲ್ಡ್ ಶ್ವಾರ್ಜನೆಗರ್. ಆಗಸ್ಟಿನಲ್ಲಿ ಪತ್ರಕರ್ತರು ಲೆಕ್ಕದ ವಿವರಗಳನ್ನು ಕೇಳಿದಾಗ, ಅಂಕಿಗಳನ್ನು ಕೇಳಿ ಜನರಿಗೆ ಸಾಕಾಗಿದೆ, ಅವರಿಗೆ ಬೇಕಾಗಿರುವುದು ನಾಯಕತ್ವ ಎಂಬರ್ಥದ ಉತ್ತರ ಕೊಟ್ಟರು. ಮೊದಲು ಲೆಕ್ಕಪರಿಶೋಧನೆ ಆಗಲಿ ಎಂದರು. ಹಲವು ವಾದಸಭೆಗಳು ನಡೆದರೂ ಅವರು ಭಾಗವಹಿಸಿದ್ದು ಸೆಪ್ಟೆಂಬರ್ 24ರ ಒಂದರಲ್ಲಿ ಮಾತ್ರ. ಅದರ ಪ್ರಶ್ನೆಗಳನ್ನು ಮುಂಚಿತವಾಗಿಯೇ ತಿಳಿಸಲಾಗಿದ್ದಿತು. ಪರೀಕ್ಷೆಗೆ ಮೊದಲೇ ಪ್ರಶ್ನಪತ್ರಿಕೆ ಕೈಗೆ ಬಂದರೆ ಎಷ್ಟು ಅನುಕೂಲವೆಂಬುದನ್ನು ವಿದ್ಯಾರ್ಥಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಉಮೇದುವಾರರು ಅಂಕಿಗಳಿಗೆ ಹೆದರುವುದೇಕೆ ಎಂಬುದು ಅದರಿಂದ ತಿಳಿಯುತ್ತದೆ. ಶ್ವಾರ್ಜನೆಗರರಿಗೆ ಆರ್ಥಿಕ ಸಲಹೆಗಾರರಾಗಿದ್ದವರು ಹೆಸರಾಂತ ಧನಿಕ ವಾರೆನ್ ಬಫೆಟ್. ಒಮಾಹಾ ನಗರದಲ್ಲಿ ಸುಮಾರು 5 ಲಕ್ಷ ಡಾಲರು ಬೆಲೆಯ ತಮ್ಮ ಮನೆಗೆ ವರ್ಷಕ್ಕೆ 14 ಸಾವಿರ ಡಾಲರಿಗೂ ಮೇಲ್ಪಟ್ಟು ತೆರಿಗೆ ಬೀಳುತ್ತದೆ. ಕ್ಯಾಲಿಫೋರ್ನಿಯದಲ್ಲಿ ಸುಮಾರು 40 ಲಕ್ಷ ಡಾಲರು ಬೆಲೆಯ ಮನೆಗೆ ಬೀಳುವುದು 2 ಸಾವಿರ ಚಿಲ್ಲರೆ ಮಾತ್ರ ಎಂದು ಅವರು ಒಂದು ಪತ್ರಿಕೆಗೆ ತಿಳಿಸಿದರು. ಇದಕ್ಕೆ ಕಾರಣ 1978ರಲ್ಲಿ ಜನಮತದಿಂದ ಬಂದ 13ನೆಯ ಪ್ರಸ್ತಾಪ. ಮನೆಯ ತೆರಿಗೆ ಅದರ ಬೆಲೆಯ ನೂರಕ್ಕೆ ಒಂದನ್ನು ಮೀರಬಾರದು; ಮನೆ ಮಾರಾಟವಾಗುವವರೆಗೆ ತೆರಿಗೆಗಾಗಿ ಎಣಿಸುವ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಅದರ ಸಾರ. ಹಳೆಯ ಕಾಲದಲ್ಲಿ ಕೊಂಡ ಮನೆಗೆ ಹಳೆಯ ಬೆಲೆಯ ತೆರಿಗೆಯೇ ಸಾಗಿಬರುತ್ತಿದ್ದಿತು. ಬಫೆಟರು ಲೆಕ್ಕವನ್ನು ಲೆಕ್ಕವಾಗಿಯೇ ಹೇಳಿದ್ದರು. ಆದರೆ ಮನೆಯುಳ್ಳ ಮತದಾರರು ಬೆಚ್ಚಿಬಿದ್ದರು. ಇನ್ನೊಮ್ಮೆ ಆ ಮಾತೆತ್ತಿದರೆ ಅವರಿಂದ 500 ಸಾರಿ ಕಸರತ್ತು ತೆಗೆಸುವುದಾಗಿ ಉಮೇದುವಾರರು ನಗೆಯಾಡಿ ಆ ವಿಷಯವನ್ನು ಅಲ್ಲಿಗೇ ಮುಚ್ಚಿದರು. ಇಡೀ ಪ್ರಚಾರದಲ್ಲಿ ಯಾರೋ ಒಬ್ಬರು ನಿಜವಾದ ಅಂಕಿಯನ್ನು ಹೇಳಿದ್ದರೆ ಅದು ಇದು; ಅದಕ್ಕೆ ದೊರೆತ ಮರ್ಯಾದೆ ಇಷ್ಟು.

ಅಂಕಿಗಳಿಗೆ ಬದಲಾಗಿ ಜನರಿಗೆ ಸಿಕ್ಕಿದುದು ನೋಟ. ಶ್ವಾರ್ಜನೆಗರ್ ಪೊರಕೆಯನ್ನು ಎತ್ತಿಹಿಡಿದು ರಾಜಧಾನಿಯನ್ನು ಗುಡಿಸುವೆನೆಂದರು. ವಾಹನ ತೆರಿಗೆಯ ಏರಿಕೆಯನ್ನು ವಿರೋಧಿಸಿ ಹಳೆಯ ಮೋಟಾರುಗಾಡಿಯೊಂದರ ಮೇಲೆ ಭಾರಿ ಕಬ್ಬಿಣದ ಗುಂಡನ್ನು ಬೀಳಿಸಿ ಜಜ್ಜಿಸಿದರು. ಗೆದ್ದು ನವೆಂಬರ್ 17ರಂದು ಅಧಿಕಾರ ವಹಿಸಿಕೊಂಡ ದಿನವೇ ಆ ಏರಿಕೆಯನ್ನು ರದ್ದುಮಾಡಿದರು. ಅದರಿಂದ ವರ್ಷಕ್ಕೆ ಸುಮಾರು 400 ಕೋಟಿ ಡಾಲರುಗಳ ವರಮಾನ ಹೋಯಿತು. 2004ರ ಮಾರ್ಚಿನಲ್ಲಿ 1,500 ಕೋಟಿ ಡಾಲರುಗಳವರೆಗೆ ಸಾಲಪತ್ರಗಳನ್ನು ಮಾರಲು ಜನರ ಒಪ್ಪಿಗೆ ಕೇಳಬೇಕಾಯಿತು. ಕಬ್ಬಿಣದ ಗುಂಡಿನ ಚಿತ್ರವನ್ನು ನೋಡಿ ಚಪ್ಪಾಳೆ ತಟ್ಟಿದವರಿಗೆ ಈ ಸಾಲದ ಮಾತನ್ನು ಆಗ ಯಾರೂ ಹೇಳಿರಲಿಲ್ಲ. ಸೋಗು ಕೇಳುವವರ ಸ್ವತ್ತು ಮಾತ್ರವಲ್ಲ, ಉತ್ತರ ಹೇಳಬೇಕಾದವರೂ ಅದನ್ನು ಚೆನ್ನಾಗಿಯೇ ಬಳಸಬಲ್ಲರು.

ಇದರಲ್ಲಿ ಯಾರಿಗೆ ಏನು ನಷ್ಟವೆಂದು ನೀವು ಕೇಳಬಹುದು. 2008ರ ಆರ್ಥಿಕ ಕುಸಿತದ ಬಳಿಕ ಕ್ಯಾಲಿಫೋರ್ನಿಯದ ವರಮಾನ ತಟ್ಟನೆ ಇಳಿಯಿತು. 2009ರ ಜುಲೈಯಲ್ಲಿ ಸರಕಾರವು ಅನೇಕರಿಗೆ ಸಲ್ಲಬೇಕಾದ ಹಣಕ್ಕೆ ಬದಲಾಗಿ ‘ಮುಂದೆ ಕೊಡುತ್ತೇವೆ’ ಎಂಬ ಚೀಟಿಗಳನ್ನು ಕೊಟ್ಟಿತು. ತೆರಿಗೆಯ ಮರುಪಾವತಿಗೆ ಕಾಯುತ್ತಿದ್ದ ಸಾಮಾನ್ಯ ಜನರೂ ಅವರಲ್ಲಿದ್ದರು. ಸರಕಾರಿ ನೌಕರರಿಗೆ ತಿಂಗಳಲ್ಲಿ ಮೊದಲು ಎರಡು, ಅನಂತರ ಮೂರು ದಿನ ಸಂಬಳವಿಲ್ಲದ ಕಡ್ಡಾಯ ರಜೆ. ಅದೇ ವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳ ಶುಲ್ಕವನ್ನು ನೂರಕ್ಕೆ 32ರಷ್ಟು ಏರಿಸಲು ತೀರ್ಮಾನಿಸಿತು, ವಿದ್ಯಾರ್ಥಿಗಳು ಬೀದಿಗಿಳಿದರು. 2003ರಲ್ಲಿ ಶಾಲೆಯ ಕೆಳತರಗತಿಗಳಲ್ಲಿದ್ದು, ಮತದ ಹಕ್ಕಿಲ್ಲದೆ ಚುನಾವಣೆಯ ನೋಟಗಳನ್ನು ದೂರದರ್ಶನದಲ್ಲಿ ನೋಡಿ ನಕ್ಕಿದ್ದ ಮಕ್ಕಳೇ ಈಗ ಬೆಳೆದು ಆ ಶುಲ್ಕವನ್ನು ತೆರಬೇಕಾದವರು.

2010ರ ಗವರ್ನರ್ ಚುನಾವಣೆಗೆ ಇದು ಹಿನ್ನೆಲೆ. ಒಂದು ಕಡೆ ದೊಡ್ಡ ಕಂಪನಿಯೊಂದನ್ನು ನಡೆಸಿ ಧನಿಕರಾಗಿದ್ದ ಮೆಗ್ ವಿಟ್ಮನ್. ಇನ್ನೊಂದು ಕಡೆ ಹಿಂದೆ ಎರಡು ಅವಧಿ ಗವರ್ನರಾಗಿದ್ದ ಜೆರ್ರಿ ಬ್ರೌನ್. ವಿಟ್ಮನ್ ತಮ್ಮ ಸ್ವಂತ ಹಣದಲ್ಲಿಯೇ 14 ಕೋಟಿ ಡಾಲರಿಗೂ ಹೆಚ್ಚು ವೆಚ್ಚಮಾಡಿದರು. ಸರಕಾರಿ ನೌಕರಿಗಳಲ್ಲಿ 40 ಸಾವಿರವನ್ನು ಕಡಮೆ ಮಾಡುವುದು, ಬಂಡವಾಳದ ಲಾಭದ ಮೇಲಿನ ರಾಜ್ಯ ತೆರಿಗೆಯನ್ನು ತೆಗೆದುಹಾಕುವುದು ಅವರ ಯೋಜನೆಗಳಾಗಿದ್ದುವು. ಕ್ಯಾಲಿಫೋರ್ನಿಯದ ದಾದಿಯರ ಸಂಘವು ಇವರ ಹಿಂದೆ ಒಂದು ವೇಷವನ್ನು ಕಳುಹಿಸಿತು. ತಲೆಯ ಮೇಲೆ ಕಿರೀಟ, ಮೈಮೇಲೆ ರಾಣಿಯ ಉಡುಪು, ಹೆಸರು ‘ಮಹಾರಾಣಿ ಮೆಗ್’. ನಟಿಯೊಬ್ಬರು ಆ ವೇಷದಲ್ಲಿ ಊರೂರಿಗೆ ಹೋಗಿ, ವಿಟ್ಮನ್ನರ ಸಭೆಗಳ ಹೊರಗೆ ರಾಜಗಾಂಭೀರ್ಯದಿಂದ ಕೈಬೀಸುತ್ತ ನಿಲ್ಲುತ್ತಿದ್ದರು. ಹಣಬಲವನ್ನು ಅಣಕಿಸುವುದು ಇದರ ಮುಖ್ಯ ಉದ್ದೇಶ. ಸಂಘಕ್ಕೆ ತನ್ನ ಸದಸ್ಯರ ಸ್ವಾರ್ಥವೂ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಕಿರೀಟದ ಹಿಂದೆ ಒಂದು ನೇರವಾದ ಪ್ರಶ್ನೆಯೂ ಇದ್ದಿತು. ಕಡಿತದ ಭಾರವನ್ನು ಹೊರುವವರು ಯಾರು, ತೆರಿಗೆಯ ರಿಯಾಯಿತಿಯ ಲಾಭವನ್ನು ಪಡೆಯುವವರು ಯಾರು?

ಈ ಪ್ರಶ್ನೆಗೆ ಉತ್ತರ ಹೊರಬಂದುದು ವೇಷದ ಮುಂದೆ ಅಲ್ಲ, ಅಕ್ಟೋಬರ್ 12ರ ವಾದಸಭೆಯಲ್ಲಿ. ಆ ತೆರಿಗೆಯನ್ನು ತೆಗೆದುಹಾಕಿದರೆ ನಿಮಗೆಷ್ಟು ಉಳಿಯುವುದೆಂದು ಬ್ರೌನ್ ನೇರವಾಗಿ ಕೇಳಿದರು. ತಾವೂ ಬಂಡವಾಳ ಹೂಡಿದವರೆಂದೂ, ಅಂಥವರಿಗೆ ಲಾಭವಾಗುವುದೆಂದೂ, ಅದರಿಂದ ಉದ್ಯೋಗಗಳು ಹುಟ್ಟುವುವೆಂದೂ ವಿಟ್ಮನ್ ಒಪ್ಪಿಕೊಂಡರು. ಇಷ್ಟು ಹೇಳಿ ಬ್ರೌನರನ್ನು ಹೊಗಳಿಬಿಡುವುದು ನ್ಯಾಯವಲ್ಲ. ಜನರ ಮತವಿಲ್ಲದೆ ಹೊಸ ತೆರಿಗೆ ಹಾಕುವುದಿಲ್ಲವೆಂದು ಅವರು ಮಾತುಕೊಟ್ಟರೇ ಹೊರತು, ಯಾವ ವೆಚ್ಚವನ್ನು ಎಷ್ಟು ಕಡಿಯುವೆನೆಂಬ ಪಟ್ಟಿಯನ್ನು ಅವರೂ ಮುಂದಿಡಲಿಲ್ಲ. ಜುಲೈ 1ರಿಂದ ಜಾರಿಗೆ ಬರಬೇಕಾಗಿದ್ದ ಆ ವರ್ಷದ ಆಯವ್ಯಯಕ್ಕೆ ಸಹಿ ಬಿದ್ದುದೇ ಅಕ್ಟೋಬರ್ 8ರಂದು, ಅಂದರೆ ನೂರು ದಿನ ತಡವಾಗಿ. ಅದನ್ನು ಅಂಗೀಕರಿಸಲು ಶಾಸನಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕಾಗಿದ್ದುದೂ ಇದಕ್ಕೆ ಕಾರಣ. ನವೆಂಬರ್ 2ರಂದು ಬ್ರೌನ್ ಗೆದ್ದರು. ಅದೇ ದಿನ ಮತದಾರರು ಆ ನಿಯಮವನ್ನು ತಿದ್ದಿ ಸರಳ ಬಹುಮತ ಸಾಕೆಂದರು. ಬ್ರೌನ್ ವೆಚ್ಚಗಳನ್ನು ಕಡಿದರು. 2012ರಲ್ಲಿ ಮಾರಾಟ ತೆರಿಗೆಯನ್ನೂ ಹೆಚ್ಚಿನ ವರಮಾನದವರ ತೆರಿಗೆಯನ್ನೂ ಕೆಲವು ವರ್ಷಗಳಮಟ್ಟಿಗೆ ಏರಿಸುವ ಪ್ರಸ್ತಾಪವನ್ನು ಜನರ ಮುಂದಿಟ್ಟರು. ಇದು ಸೋತರೆ ಶಾಲೆಗಳಿಗೆ ಇಷ್ಟು ಹಣ ಕಡಮೆಯಾಗುವುದೆಂದು ಮೊದಲೇ ಲೆಕ್ಕಹಾಕಿ ತೋರಿಸಲಾಗಿದ್ದಿತು. ಜನರು ಒಪ್ಪಿದರು. ತೆರಿಗೆಯೆಂದರೆ ಮತದಾರರು ಓಡಿಹೋಗುವರೆಂಬ ಮಾತು ಯಾವಾಗಲೂ ನಿಜವಲ್ಲವೆಂದು ನನಗೆ ತೋರುವುದು ಇದರಿಂದಲೇ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬೇರೊಂದು ದಾರಿಯಿಂದ ಬಂದಿದೆ. ಮುಂಬಯಿಯಲ್ಲಿರಲಿ, ಚೆನ್ನೈ, ಹೈದರಾಬಾದುಗಳಲ್ಲಿರಲಿ, ಅನುದಾನಿತ ಶಾಲೆಗಳ ಅಧ್ಯಾಪಕರ ಸಂಬಳ ಬರುವುದು ನಾವು ನೆಲೆಸಿರುವ ರಾಜ್ಯದ ಬೊಕ್ಕಸದಿಂದ. ರಾಜ್ಯಗಳು ಮನಬಂದಂತೆ ಸಾಲಮಾಡದಿರಲೆಂದು ವಿತ್ತೀಯ ಹೊಣೆಗಾರಿಕೆಯ ಶಾಸನಗಳು ಬಂದಿವೆ. 2002ರಲ್ಲಿ ಇಂಥ ಶಾಸನವನ್ನು ಮೊಟ್ಟಮೊದಲು ಮಾಡಿದ ರಾಜ್ಯ ನಮ್ಮ ಕರ್ನಾಟಕ. ತಮಿಳುನಾಡಿನ ಚುನಾವಣಾ ಕೊಡುಗೆಗಳನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 5ರಂದು ತೀರ್ಪಿತ್ತು, ಪಕ್ಷಗಳ ಪ್ರಣಾಳಿಕೆಗಳಿಗೆ ನಿಯಮಗಳನ್ನು ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಕೊಟ್ಟ ಮಾತಿಗೆ ಆಧಾರವೇನು, ಹಣವನ್ನು ಯಾವ ಬಗೆಯಿಂದ ಒದಗಿಸುವರು ಎಂಬುದನ್ನು ಸ್ಥೂಲವಾಗಿ ತಿಳಿಸಬೇಕೆಂದು ಆಯೋಗವು ಮಾದರಿ ನೀತಿಸಂಹಿತೆಯಲ್ಲಿ ಸೇರಿಸಿತು. ‘ಸ್ಥೂಲವಾಗಿ’ ಎಂಬ ಆ ಒಂದು ಪದದೊಳಗೆ ಎಷ್ಟೋ ಪ್ರಣಾಳಿಕೆಗಳು ಸುಖವಾಗಿ ನುಸುಳಿಹೋದುವು.

2022ರ ಅಕ್ಟೋಬರಿನಲ್ಲಿ ಆಯೋಗವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಪಕ್ಷಗಳಿಗೆ ಒಂದು ನಮೂನೆಯ ಕರಡನ್ನು ಕಳುಹಿಸಿತು. ವಾಗ್ದಾನದ ಫಲ ಎಷ್ಟು ಜನರಿಗೆ ಸಲ್ಲುವುದು, ಅದಕ್ಕೆ ತಗಲುವ ವೆಚ್ಚವೆಷ್ಟು, ಆ ಹಣ ಹೊಸ ತೆರಿಗೆಯಿಂದಲೋ, ಬೇರೆ ವೆಚ್ಚದ ಕಡಿತದಿಂದಲೋ, ಸಾಲದಿಂದಲೋ ಎಂಬುದನ್ನು ಅದರಲ್ಲಿ ತುಂಬಬೇಕು. ಕೆಲವರು ಇದನ್ನು ಸ್ವಾಗತಿಸಿದರು. ಹಲವು ಪಕ್ಷಗಳು, ಇದು ಆಯೋಗದ ಅಧಿಕಾರವ್ಯಾಪ್ತಿಗೆ ಮೀರಿದ್ದು, ಯಾವ ವಾಗ್ದಾನ ಒಳ್ಳೆಯದೆಂದು ತೂಗಿನೋಡುವವರು ಮತದಾರರೇ ಎಂದು ವಾದಿಸಿದುವು. ಆ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ತೂಗುವವರ ಕೈಗೆ ತಕ್ಕಡಿಯ ಜೊತೆಗೆ ತೂಕದ ಕಲ್ಲುಗಳನ್ನೂ ಕೊಡಬೇಕಲ್ಲವೆ? ಆ ಕರಡಿನಲ್ಲಿ ಕೇಳಿದ್ದುದು ಕೆಲವೇ ಅಂಕಣಗಳ ವಿವರ. ಮನೆಯ ದಿನಸಿಯ ಲೆಕ್ಕ ಬರೆಯಬಲ್ಲವರು ಒಂದು ಸಂಜೆ ಕುಳಿತು ಓದಿ ತಿಳಿಯಬಹುದಾದಷ್ಟು.