ಲೆಕ್ಕ ಬರೆಯುವ ಕೈಗೆ ತಕ್ಕ ಕೀಲಿಮಣೆ

ವ್ಯಾಪಾರ ಸಂಸ್ಥೆಗಳ ಸ್ಥಿರ ಸ್ವತ್ತುಗಳ ಪಟ್ಟಿಯಲ್ಲಿ ಕೀಲಿಮಣೆಗೆ ಪ್ರತ್ಯೇಕ ಸಾಲು ಇರುವುದು ಅಪರೂಪ. ಅದು ಗಣಕಯಂತ್ರದ ಜೊತೆಯಲ್ಲಿ ಬರುತ್ತದೆ. ಅದರ ಬೆಲೆ ಗಣಕಯಂತ್ರದ ಬೆಲೆಯಲ್ಲಿಯೇ ಅಡಗಿರುತ್ತದೆ. ಕೆಟ್ಟುಹೋದರೆ ಹತ್ತಿರದ ಅಂಗಡಿಯಿಂದ ಐದಾರು ನೂರು ರೂಪಾಯಿಗೆ ಇನ್ನೊಂದನ್ನು ತರಿಸಿ, ವೆಚ್ಚವನ್ನು ಸಾದಿಲ್ವಾರು ಖಾತೆಗೆ ಹಾಕಲಾಗುತ್ತದೆ. ಗೋದಾಮಿಗೆ ತೂಕದ ಯಂತ್ರ ಕೊಳ್ಳುವಾಗ ನಾಲ್ಕು ಕಡೆಯಿಂದ ದರಪಟ್ಟಿ ತರಿಸುವ ಮಾಲೀಕರು ಕೀಲಿಮಣೆಯ ವಿಷಯದಲ್ಲಿ ಕೇಳುವ ಪ್ರಶ್ನೆ ಒಂದೇ: ಎಲ್ಲಕ್ಕಿಂತ ಅಗ್ಗದ್ದು ಯಾವುದು? ಲೆಕ್ಕದ ಗುಮಾಸ್ತರ ಬೆರಳುಗಳು ದಿನಕ್ಕೆ ಏಳೆಂಟು ಗಂಟೆ ಆಡುವುದು ಈ ಒಂದು ಹಲಗೆಯ ಮೇಲೆಯೇ ಎಂಬ ಸಂಗತಿ ಆ ಹೊತ್ತಿನಲ್ಲಿ ಗಮನಕ್ಕೆ ಬರುವುದಿಲ್ಲ.

ರೋಜುಕೀರ್ದಿಯನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಶ್ರಮ ಕಡಿಮೆ ಇತ್ತೆಂದು ಹೇಳಲಾಗದು. ಆದರೆ ಬರೆಯುವುದು, ಪುಟ ತಿರುಗಿಸುವುದು, ಖಾತಾಪುಸ್ತಕವನ್ನು ಕಪಾಟಿನಿಂದ ತೆಗೆಯುವುದು, ಮೊತ್ತ ಕೂಡುವುದು ಎಂದು ಕೈಗೆ ಬಗೆಬಗೆಯ ಚಲನೆ ಇರುತ್ತಿತ್ತು. ಗಣಕದ ಮುಂದೆ ಕೈ ಒಂದೇ ಭಂಗಿಯಲ್ಲಿ ನಿಂತು, ಬೆರಳುಗಳು ಮಾತ್ರ ಸಾವಿರಾರು ಬಾರಿ ಒಂದೇ ಚಲನೆಯನ್ನು ಪುನರಾವರ್ತಿಸುತ್ತವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಈ ಕೆಲಸಕ್ಕೆ ಗಡುವಿನ ಒತ್ತಡವೂ ಹೆಚ್ಚಾಗಿ ಸೇರಿಕೊಂಡಿತು. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11ನೆಯ ತಾರೀಖು ಮಾರಾಟದ ವಿವರಕ್ಕೆ, 20ನೆಯ ತಾರೀಖು ತೆರಿಗೆ ಪಾವತಿಯ ವಿವರಕ್ಕೆ. ಬಿಲ್ಲುಗಳೆಲ್ಲ ಗಣಕಕ್ಕೆ ಏರಬೇಕಾದದ್ದು ಈ ಗಡುವುಗಳಿಗೆ ಮುನ್ನ. ಸಣ್ಣ ಸಂಸ್ಥೆಗಳಲ್ಲಿ ಈ ಕೆಲಸ ಬಲ್ಲವರು ಬಹುಮಟ್ಟಿಗೆ ಒಬ್ಬರೇ. ಅವರ ಮಣಿಕಟ್ಟು ಕೈಕೊಟ್ಟರೆ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ ಏರುತ್ತದೆ; ಪಾವತಿಯಾಗದ ತೆರಿಗೆಗೆ ಶೇಕಡ 18ರ ಬಡ್ಡಿಯೂ ಕೂಡುತ್ತದೆ. ನೋವಿನಲ್ಲಿಯೇ ದುಡಿದು ಗ್ರಾಹಕರ ನೋಂದಣಿ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಿದರೆ ಅವರಿಗೆ ಸಲ್ಲಬೇಕಾದ ತೆರಿಗೆ ಜಮೆ ಅವರ ಪಟ್ಟಿಯಲ್ಲಿ ಕಾಣುವುದಿಲ್ಲ. ಬಾಕಿ ವಸೂಲಿಯ ಸಮಯದಲ್ಲಿ ಅದೇ ತಕರಾರಿಗೆ ಕಾರಣವಾಗುತ್ತದೆ.

ನೋವು ಬರುವ ಬಗೆ

ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಗಳು ನೇರ ಸಾಲುಗಳಲ್ಲಿವೆ. ಭುಜಗಳ ಅಗಲಕ್ಕೆ ಹೋಲಿಸಿದರೆ ಅಕ್ಷರಗಳ ಭಾಗ ಕಿರಿದು. ಎರಡೂ ಮುಂಗೈಗಳು ಓರೆಯಾಗಿ ಒಳಕ್ಕೆ ಬಂದು, ಬೆರಳುಗಳು ಸಾಲಿಗೆ ನೇರವಾಗಿ ಕೂರಬೇಕಾದರೆ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಲೇಬೇಕು. ಇದು ಮೊದಲನೆಯ ಬಾಗು. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಅಂಗೈ ಮೇಲಕ್ಕೆ ಮಡಚಿಕೊಳ್ಳುತ್ತದೆ, ಇದು ಎರಡನೆಯದು. ಮೂರನೆಯದು ಬಲಗಡೆಗೆ ಚಾಚುವುದು. ಅಂಕೆಗಳ ಭಾಗವಾದ ನಂಬರ್ ಪ್ಯಾಡ್ ಬಲಕ್ಕಿದ್ದು, ಮೌಸ್ ಅದಕ್ಕೂ ಆಚೆ ಹೋಗುವುದರಿಂದ ಬಲಗೈ ದಿನವಿಡೀ ಮೈಯಿಂದ ದೂರ ನಿಂತಿರುತ್ತದೆ. ಸಂಜೆಯ ಹೊತ್ತಿಗೆ ಬಲಭುಜವನ್ನು ಒತ್ತಿಕೊಳ್ಳುತ್ತ ಕೂರುವ ಗುಮಾಸ್ತರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಣಿಕಟ್ಟಿನೊಳಗೆ ಇಕ್ಕಟ್ಟಾದ ಒಂದು ಸುರಂಗವಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರ ಮೂಲಕವೇ ಸಾಗುತ್ತವೆ. ಮಣಿಕಟ್ಟು ಬಾಗಿದಾಗ ಅಲ್ಲಿನ ಒತ್ತಡ ಏರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ರಾತ್ರಿ ಅದರಿಂದ ಎಚ್ಚರವಾಗುವುದು ಆ ನರ ನಲುಗುತ್ತಿರುವುದರ ಲಕ್ಷಣವಾಗಿರಬಹುದು. ಅಂತಹವರು ಹೋಗಬೇಕಾದದ್ದು ವೈದ್ಯರಲ್ಲಿಗೆ, ಕೀಲಿಮಣೆಯ ಅಂಗಡಿಗೆ ಅಲ್ಲ.

ನೇರ ಸಾಲಿನ ವಿನ್ಯಾಸ ಮನುಷ್ಯನ ಕೈಯನ್ನು ಅಳೆದು ಮಾಡಿದ್ದಲ್ಲ. 1874ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ ಬೆರಳಚ್ಚು ಯಂತ್ರದ ಸನ್ನೆಗಳಿಗೆ ಜಾಗ ಒದಗಿಸಲೆಂದು ಏರ್ಪಟ್ಟ ಸಾಲುಗಳು, ಸನ್ನೆಗಳು ಮಾಯವಾದ ಮೇಲೂ ಉಳಿದುಕೊಂಡವು. ಅಕ್ಷರಗಳನ್ನು ಎಡ ಬಲ ಎಂದು ಎರಡು ಭಾಗ ಮಾಡಿ, ನಡುವೆ ಉಬ್ಬು ಕೊಟ್ಟು, ಮಣಿಕಟ್ಟು ನೇರವಾಗಿ ನಿಲ್ಲುವಂತೆ ಮಾಡಿದ ಕೀಲಿಮಣೆ ಜನಸಾಮಾನ್ಯರ ಮೇಜಿಗೆ ಬಂದದ್ದು 1994ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ‘ನ್ಯಾಚುರಲ್’ ಮಾದರಿಯೊಂದಿಗೆ.

ಇಂತಹ ಕೀಲಿಮಣೆಯಿಂದ ನಿಜಕ್ಕೂ ಪ್ರಯೋಜನವಿದೆಯೇ? 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೈನೋವಿದ್ದ 80 ಮಂದಿಗೆ ಬೇರೆಬೇರೆ ಕೀಲಿಮಣೆಗಳನ್ನು ಕೊಟ್ಟು ಆರು ತಿಂಗಳು ಗಮನಿಸಲಾಯಿತು. ವಿಭಜಿತ ಮಾದರಿಯೊಂದನ್ನು ಬಳಸಿದ ಗುಂಪಿನಲ್ಲಿ ನೋವು ತಗ್ಗಿದ್ದು ಕಂಡುಬಂದಿತು. ಆದರೆ ಮಣಿಕಟ್ಟಿನ ನರದ ಬಾಧೆಗೆ ಸಂಬಂಧಿಸಿದ ಪ್ರಯೋಗಗಳನ್ನು 2012ರಲ್ಲಿ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯು ಇಂತಹ ಉಪಕರಣಗಳ ಪರವಾಗಿ ಸಾಕಷ್ಟು ಆಧಾರ ದೊರೆಯುವುದಿಲ್ಲವೆಂದು ತೀರ್ಮಾನಿಸಿತು. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಎರ್ಗೊನಾಮಿಕ್’ ಎಂದು ಅಚ್ಚಾಗಿರುವುದನ್ನು ಔಷಧದ ಚೀಟಿಯಂತೆ ನಂಬುವುದು ಸಲ್ಲದು. ಭಂಗಿ ಸರಿಯಾಗಲು ಅದು ನೆರವಾಗುತ್ತದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಅದರ ಉತ್ತರ ಕಚೇರಿಯ ಕೆಲಸದ ಸ್ವರೂಪವನ್ನು ಅವಲಂಬಿಸಿದೆ.

ಲೆಕ್ಕದ ಕೆಲಸದ ವಿಶೇಷ

ಮಾರುಕಟ್ಟೆಯಲ್ಲಿರುವ ಬಹುತೇಕ ಎರ್ಗೊನಾಮಿಕ್ ಕೀಲಿಮಣೆಗಳು ಗದ್ಯ ಬರೆಯುವವರನ್ನೋ ತಂತ್ರಾಂಶ ರಚಿಸುವವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಆದವು. ವರ್ತಕರ ಕಚೇರಿಯ ಕೆಲಸ ಬೇರೆ. ಇಲ್ಲಿ ಅಕ್ಷರಗಳಷ್ಟೇ ಅಂಕೆಗಳೂ ಮುಖ್ಯ. ದೇಶದ ಅಸಂಖ್ಯ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಟ್ಯಾಲಿ ತಂತ್ರಾಂಶವನ್ನೇ ನೋಡಬಹುದು. ಗಿರಣಿಗಳಿಗೆ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ಲೆಕ್ಕಪತ್ರಗಳಿಗೆ ತಕ್ಕ ತಂತ್ರಾಂಶ ಬೇಕೆಂದು ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದ್ದರಿಂದ 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಉದ್ಯಮ ಅದು. ವ್ಯಾಪಾರಿಯ ಅಗತ್ಯದಿಂದಲೇ ಬಂದುದರಿಂದ ಮೌಸನ್ನು ಮುಟ್ಟದೆಯೇ ನಡೆಸುವಂತೆ ಅದು ರೂಪುಗೊಂಡಿದೆ. ಪಾವತಿಗೆ ಎಫ್ 5, ರಸೀತಿಗೆ ಎಫ್ 6, ಮಾರಾಟಕ್ಕೆ ಎಫ್ 8, ಖರೀದಿಗೆ ಎಫ್ 9 ಎಂದು ಮೇಲಿನ ಸಾಲಿನ ಕೀಲಿಗಳೇ ಅದರ ಬಾಗಿಲುಗಳು.

ಇಲ್ಲಿಯೇ ತೊಡಕು. ಚಿಕ್ಕದಾಗಿ, ನೋಡಲು ಅಂದವಾಗಿರುವ ಅನೇಕ ಹೊಸ ಕೀಲಿಮಣೆಗಳಲ್ಲಿ ಎಫ್ ಸಾಲೇ ಇರುವುದಿಲ್ಲ; ಇದ್ದರೂ ಇನ್ನೊಂದು ಕೀಲಿಯನ್ನು ಜೊತೆಗೆ ಒತ್ತಬೇಕಾಗುತ್ತದೆ. ಒಂದು ಒತ್ತಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ಬೆರಳು ಚಾಚಬೇಕಾದ ಕೀಲಿಮಣೆ ಲೆಕ್ಕದವರಿಗೆ ಆರಾಮದ್ದಲ್ಲ, ಅದರ ಆಕಾರ ಎಷ್ಟೇ ವೈಜ್ಞಾನಿಕವಾಗಿರಲಿ. 2013ರ ಮೈಕ್ರೋಸಾಫ್ಟ್ ‘ಸ್ಕಲ್ಪ್ಟ್’ ಮಾದರಿ ನಂಬರ್ ಪ್ಯಾಡನ್ನು ಬೇರ್ಪಡಿಸಿ ಕೊಟ್ಟು ಒಳ್ಳೆಯ ದಾರಿ ತೋರಿಸಿತ್ತು. ಆದರೆ ಅದರ ಎಫ್ ಕೀಲಿಗಳು ತೀರ ಸಣ್ಣವಿದ್ದವು.

ತೆರಿಗೆ ನೋಂದಣಿ ಸಂಖ್ಯೆಯ 15 ಸ್ಥಾನಗಳನ್ನು ಗಮನಿಸಿದರೆ ಕೈಯ ಓಡಾಟ ಇನ್ನಷ್ಟು ಸ್ಪಷ್ಟವಾಗುತ್ತದೆ. ಕರ್ನಾಟಕದ ಸಂಖ್ಯೆಯಾದರೆ ಮೊದಲು 29 ಎಂಬ ಎರಡು ಅಂಕೆ, ಬಳಿಕ ಐದು ಅಕ್ಷರ, ನಾಲ್ಕು ಅಂಕೆ, ಒಂದು ಅಕ್ಷರ, ಸಾಮಾನ್ಯವಾಗಿ ಒಂದು ಅಂಕೆ, ‘ಝಡ್’ ಅಕ್ಷರ, ಕೊನೆಗೊಂದು ತಾಳೆ ಚಿಹ್ನೆ. ಅಂಕೆಗಳಿಗೆಲ್ಲ ನಂಬರ್ ಪ್ಯಾಡನ್ನೇ ಬಳಸುವವರ ಬಲಗೈ ಒಂದು ಸಂಖ್ಯೆಗೆ ಐದಾರು ಬಾರಿ ಅತ್ತಿತ್ತ ಹಾರಬೇಕು. ಇದಕ್ಕೆ ಪರಿಹಾರ ಹೊಸ ಕೀಲಿಮಣೆಯಲ್ಲಿಲ್ಲ. ನೋಂದಣಿ ಸಂಖ್ಯೆಯನ್ನು ಅಕ್ಷರಗಳ ಮೇಲಿರುವ ಅಂಕೆಗಳಿಂದಲೇ ಬರೆದು, ಮೊತ್ತಗಳಿಗೆ ಮಾತ್ರ ನಂಬರ್ ಪ್ಯಾಡ್ ಬಳಸುವುದು ಮೇಲು. ಗ್ರಾಹಕರ ಖಾತೆಯನ್ನು ಒಮ್ಮೆ ಸರಿಯಾಗಿ ತೆರೆದಿಟ್ಟು, ಪ್ರತಿ ಬಿಲ್ಲಿಗೂ ಪಟ್ಟಿಯಿಂದ ಆರಿಸಿಕೊಳ್ಳುವುದು ಅದಕ್ಕಿಂತಲೂ ಮೇಲು. ಒಂದೇ ಸಂಖ್ಯೆಯನ್ನು ತಿಂಗಳಿಗೆ ಹತ್ತು ಬಾರಿ ಬರೆಯಿಸುವ ಕಚೇರಿ, ದುಬಾರಿ ಕೀಲಿಮಣೆ ಕೊಂಡೂ ಕೈಗಳನ್ನು ದಣಿಸುತ್ತಲೇ ಇರುತ್ತದೆ.

ಹೀಗಿರುವಲ್ಲಿ, ಲೆಕ್ಕದ ಮೇಜಿಗೆ ಹೆಚ್ಚು ಹೊಂದುವುದು ಎಫ್ ಸಾಲು ಪೂರ್ಣವಾಗಿದ್ದು ನಂಬರ್ ಪ್ಯಾಡ್ ಇಲ್ಲದ ಕೀಲಿಮಣೆ, ಅದರ ಜೊತೆಗೆ ಬಿಡಿಯಾಗಿ ಕೊಂಡ ನಂಬರ್ ಪ್ಯಾಡ್. ಪೂರ್ಣ ಕೀಲಿಮಣೆ ಸುಮಾರು 44 ಸೆಂಟಿಮೀಟರ್ ಅಗಲವಿದ್ದರೆ ಇದು ಸುಮಾರು 36. ಅಷ್ಟರಮಟ್ಟಿಗೆ ಮೌಸ್ ಮೈಗೆ ಹತ್ತಿರವಾಗುತ್ತದೆ. ಬಿಡಿ ಪ್ಯಾಡನ್ನು ಎಡಗಡೆ ಇಟ್ಟುಕೊಂಡು ಅಂಕೆಗಳನ್ನು ಎಡಗೈಯಿಂದ ಒತ್ತುವ ರೂಢಿ ಮಾಡಿಕೊಂಡರೆ ಬಲಗೈ ಬಿಲ್ಲು ಮಗುಚಲು, ಪೆನ್ನಿನಿಂದ ಗುರುತು ಹಾಕಲು ಬಿಡುವಾಗುತ್ತದೆ. ಆರಂಭದಲ್ಲಿ ವೇಗ ಕುಸಿಯುವುದು ಖಂಡಿತ; ಕೆಲವು ವಾರಗಳ ತಾಳ್ಮೆ ಬೇಕು. ವಿಭಜಿತ ಮಾದರಿಯನ್ನು ಪತ್ರವ್ಯವಹಾರ, ದರಪಟ್ಟಿಗಳಂತಹ ದೀರ್ಘ ಬರವಣಿಗೆ ಮಾಡುವವರಿಗೆ, ಮತ್ತು ಕೀಲಿಗಳನ್ನು ನೋಡದೆ ಹತ್ತೂ ಬೆರಳುಗಳಿಂದ ಒತ್ತಬಲ್ಲವರಿಗೆ ಕೊಡಿಸುವುದು ಸೂಕ್ತ. ಎರಡೇ ಬೆರಳುಗಳಿಂದ ಕುಟ್ಟುವವರಿಗೆ ಅದು ವ್ಯರ್ಥ.

ಕನ್ನಡದಲ್ಲಿ ಬಿಲ್ಲು, ಪತ್ರ ಸಿದ್ಧಪಡಿಸುವ ಕಚೇರಿಗಳು ಇನ್ನೊಂದನ್ನು ಗಮನಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಪ್ರಚಾರಕ್ಕೆ ಬಂದ ವಿನ್ಯಾಸದಲ್ಲಿ ಒತ್ತಕ್ಷರಗಳಿಗೆಲ್ಲ ‘ಎಫ್’ ಅಕ್ಷರದ ಕೀಲಿ ಬೇಕು. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಅಪರೂಪವಾದ್ದರಿಂದ ಎಡಗೈಯ ತೋರುಬೆರಳಿಗೆ ಕೆಲಸ ಹೆಚ್ಚು. ಆ ಕೀಲಿ ಗಡುಸಾಗಿದ್ದರೆ ಬೆರಳಿಗೆ ಬೇಗ ತಿಳಿಯುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಹಂಚಿಹೋಗಿವೆ.

ಕೀಲಿ, ಮೇಜು, ಕುರ್ಚಿ

ಕೀಲಿಗಳಲ್ಲಿ ಎರಡು ಜಾತಿ. ಅಗ್ಗದವುಗಳಲ್ಲಿ ಕೀಲಿಯ ಕೆಳಗೆ ರಬ್ಬರಿನ ಗುಮ್ಮಟವಿದ್ದು, ತಳದವರೆಗೆ ಒತ್ತಿದರಷ್ಟೇ ಅಕ್ಷರ ಮೂಡುತ್ತದೆ. ರಬ್ಬರು ಹಳತಾದಂತೆ ಒತ್ತು ಒಂದೇ ಸಮನಾಗಿ ಉಳಿಯುವುದಿಲ್ಲ. ಮೆಕ್ಯಾನಿಕಲ್ ಮಾದರಿಯಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಇದ್ದು, ಸಾಮಾನ್ಯವಾಗಿ ಸುಮಾರು ಎರಡು ಮಿಲಿಮೀಟರ್ ಇಳಿದೊಡನೆ ಕೆಲಸ ನಡೆಯುತ್ತದೆ. ಭಾರತದ ಕಚೇರಿಗಳಿಗೆ ಬಹುಕಾಲದಿಂದ ಪರಿಚಿತವಾದ ಟಿವಿಎಸ್ ಗೋಲ್ಡ್ ಈ ಜಾತಿಯದು. ಬಾಳಿಕೆಗೆ ಅದು ಹೆಸರುವಾಸಿ, ಸದ್ದಿಗೂ ಹೌದು. ದೂರವಾಣಿಯಲ್ಲಿ ದರ ಮಾತಾಡುವ ಮಾಲೀಕರ ಪಕ್ಕದ ಮೇಜಿಗೆ ಸದ್ದು ಕಡಿಮೆ ಇರುವ ಮಾದರಿಯನ್ನು ಆರಿಸುವುದು ಒಳಿತು. ಅಕ್ಕಿ ಗಿರಣಿ, ಮೆಣಸಿನಕಾಯಿ ಮಂಡಿಗಳಂತಹ ಧೂಳಿನ ಜಾಗಗಳಲ್ಲಿ ಕೀಲಿಯ ಮುಚ್ಚಳ ತೆಗೆದು ಶುಚಿಗೊಳಿಸುವ ಅನುಕೂಲವಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಕೀಲಿಮಣೆಗಿಂತಲೂ ಹೆಚ್ಚು ತೊಂದರೆ ಕೊಡುವುದು ಮೇಜಿನ ಎತ್ತರ. ಕಚೇರಿಯ ಮೇಜುಗಳು ಸಾಮಾನ್ಯವಾಗಿ 30 ಅಂಗುಲ ಎತ್ತರದವು. ಬರೆಯಲು ಇದು ಸರಿ. ಕೀಲಿ ಒತ್ತಲು, ಅದರಲ್ಲೂ ಕುಳ್ಳಗಿರುವವರಿಗೆ, ಇದು ಹೆಚ್ಚು. ಕುಳಿತಾಗ ಮೊಣಕೈ ಇರುವ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಗೆ ಕೀಲಿಮಣೆ ಇರಬೇಕು. ಮೇಜಿನ ಅಡಿಗೆ ಜಾರುವ ಹಲಗೆ ಹಾಕಿಸಲು ಬಡಗಿಗೆ ಅರ್ಧ ದಿನ ಸಾಕು. ಅದು ಆಗದಿದ್ದರೆ ಕುರ್ಚಿಯನ್ನು ಎತ್ತರಿಸಿ, ಪಾದಗಳು ತೂಗಾಡದಂತೆ ಕೆಳಗೊಂದು ಮಣೆ ಇಡಬೇಕು. ಹಿಂಬದಿಯ ಪುಟ್ಟ ಕಾಲುಗಳನ್ನು ಮಡಿಸಿಡಬೇಕು. ಕೀಲಿಮಣೆಯ ಮುಂದಿಡುವ ಮೆತ್ತೆ ಇರುವುದು ಬಿಡುವಿನಲ್ಲಿ ಅಂಗೈ ಊರಲು. ಒತ್ತುವಾಗ ಮಣಿಕಟ್ಟನ್ನು ಅದರ ಮೇಲೆ ಅದುಮಿದರೆ ಮೊದಲು ಹೇಳಿದ ಸುರಂಗಕ್ಕೇ ಭಾರ ಬೀಳುತ್ತದೆ. ಇವನ್ನೆಲ್ಲ ಸರಿಪಡಿಸಿದ ಮೇಲೂ ನೋವು ಉಳಿದರೆ ಮಾತ್ರ ದುಬಾರಿ ಕೀಲಿಮಣೆಯ ಯೋಚನೆ ಮಾಡುವುದು ಲೇಸು. ಏಕೆಂದರೆ ಹೆಸರಾಂತ ತಯಾರಕರ ವಿಭಜಿತ ಮಾದರಿಗಳ ಬೆಲೆ ಸಾಧಾರಣ ಕೀಲಿಮಣೆಯ ಹತ್ತು, ಹದಿನೈದು ಪಟ್ಟು ಇರುವುದುಂಟು.

ಕೊಳ್ಳುವಾಗ ಹತ್ತನ್ನು ಒಟ್ಟಿಗೆ ತರಿಸದೆ, ಒಂದನ್ನು ತರಿಸಿ ಅದನ್ನು ಬಳಸಬೇಕಾದವರ ಕೈಗೇ ಕೊಟ್ಟು ನೋಡಬೇಕು. ಮಾಲೀಕರ ಅಂಗೈಗೆ ಹಿತವಾದದ್ದು ಗುಮಾಸ್ತರ ಅಂಗೈಗೆ ದೊಡ್ಡದಾಗಬಹುದು. ಪ್ರಯೋಗಕ್ಕೆ 20ನೆಯ ತಾರೀಖು ಕಳೆದ ಮೇಲಿನ ದಿನಗಳು ಅನುಕೂಲ.

ಇನ್ನು ಲೆಕ್ಕದ ಮಾತು. ಕೀಲಿಮಣೆಯ ಮೇಲಿನ ತೆರಿಗೆ ಶೇಕಡ 18. ವ್ಯವಹಾರಕ್ಕೆಂದು ಕೊಂಡದ್ದರಿಂದ ನೋಂದಾಯಿತ ವರ್ತಕರು ಇದನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಅಂತರಜಾಲದ ಮಳಿಗೆಗಳಲ್ಲಿ ನೌಕರರ ಸ್ವಂತ ಹೆಸರಿನಲ್ಲಿ ತರಿಸಿದರೆ ಬಿಲ್ಲಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಬಾರದೆ ಜಮೆ ಕೈತಪ್ಪುತ್ತದೆ. ಗಣಕದ ಭಾಗವೆಂದು ಸ್ವತ್ತಿಗೆ ಸೇರಿಸುವವರು, ಜಮೆ ಪಡೆದ ತೆರಿಗೆಯ ಮೊತ್ತವನ್ನು ಬಿಟ್ಟು ಉಳಿದ ಬೆಲೆಗೆ ಮಾತ್ರ ಸವಕಳಿ ಲೆಕ್ಕ ಹಾಕತಕ್ಕದ್ದು. ತೆರಿಗೆಯ ಮೇಲೆ ಜಮೆ ಮತ್ತು ಸವಕಳಿ ಎರಡನ್ನೂ ಪಡೆಯಲು ಅವಕಾಶವಿಲ್ಲ. ಬಿಲ್ಲಿನ ಪ್ರತಿಯ ಜೊತೆಗೆ ಖಾತರಿ ಚೀಟಿಯನ್ನೂ ಕಡತದಲ್ಲಿ ಇಟ್ಟುಕೊಳ್ಳಬೇಕು. ಖಾತರಿಯ ಅವಧಿಯಲ್ಲಿ ಕೀಲಿ ಕೆಟ್ಟರೆ ಬದಲಿ ಕೇಳಲು ಅವೆರಡೂ ಬೇಕಾಗುತ್ತವೆ.